ಉಕ್ರೇನಿನ ಮಣ್ಣಿನ ಮನೆಗಳು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. 1988ರಲ್ಲಿ ನಮ್ಮ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವನು. ಹೆಸರು ಬರೆದರೆ ಸಂಕೋಚಪಟ್ಟುಕೊಳ್ಳುತ್ತಾನೆ, ಬಿಡೋಣ. ಮಗಳು ಉಕ್ರೇನಿನ ರಾಜಧಾನಿ ಕೀವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದವಳು. 2022ರ ಮಾರ್ಚ್ ತಿಂಗಳಲ್ಲಿ ಯುದ್ಧದ ನಡುವೆ ಗಡಿ ದಾಟಿ ಊರು ಸೇರಿದವಳು. ಆ ದಿನಗಳಲ್ಲಿ ಅವಳ ತಂದೆ ರಾತ್ರಿ ಹೊತ್ತು ನನಗೆ ಫೋನ್ ಮಾಡಿ, ಮಾತು ಬಾರದೆ ಸುಮ್ಮನೆ ಕೂತಿರುತ್ತಿದ್ದುದು ನನಗೆ ಇನ್ನೂ ನೆನಪಿದೆ.

ಕಾಫಿ ಕುಡಿಯುತ್ತ ಕುಳಿತಿದ್ದಾಗ ಆ ಹುಡುಗಿ ತನ್ನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, “ಅಜ್ಜ, ಇದು ಯಾವ ಊರು ಹೇಳಿ ನೋಡೋಣ?” ಎಂದಳು. ಹುಲ್ಲು ಹೊದಿಸಿದ ಸೂರು, ಬಿಳಿಯ ಮಣ್ಣಿನ ಗೋಡೆ, ಸಾರಿಸಿದ ನೆಲ, ಮೂಲೆಯಲ್ಲಿ ಒಂದು ಪೆಟಾರಿ. ನಾನು ಕನ್ನಡಕ ಸರಿಪಡಿಸಿಕೊಂಡು, “ನಮ್ಮ ಕಡೆಯದೇ ಇರಬೇಕು, ಆದರೆ ಒಲೆ ಮಾತ್ರ ಬಹಳ ದೊಡ್ಡದಾಯಿತು” ಎಂದೆ. ಅವಳು ನಕ್ಕು, “ಇದು ಕೀವ್ ನಗರದ ಪಕ್ಕದ ಪಿರೋಹಿವ್ ಅಜ್ಜ, 2019ರಲ್ಲಿ ಗೆಳತಿಯರ ಜೊತೆ ಹೋಗಿದ್ದೆ” ಎಂದಳು.

ಮೂವತ್ತು ವರ್ಷಕ್ಕೂ ಮಿಕ್ಕಿ ಇತಿಹಾಸ ಬೋಧಿಸಿದ ನನಗೆ ಉಕ್ರೇನ್ ಎಂದರೆ ಭೂಪಟದ ಮೇಲೆ ಗೋಧಿಯ ಕಣಜ, ಕಪ್ಪು ಮಣ್ಣು ಮತ್ತು ಚೆರ್ನೋಬಿಲ್. ಪರೀಕ್ಷೆಗೆ ಅಷ್ಟು ಸಾಕಿತ್ತು. ಆ ಮನೆಯ ಚಿತ್ರ ನೋಡಿದ ಮೇಲೆ ಅಷ್ಟು ಸಾಲದೆನಿಸಿ, ಈ ಒಂದು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದನ್ನು ಹಂಚಿಕೊಳ್ಳುವುದು ಮೇಷ್ಟ್ರುಗಳ ಹಳೆಯ ಚಟ. ಸಹಿಸಿಕೊಳ್ಳಬೇಕೆಂದು ಕೋರುತ್ತೇನೆ.

ಉಕ್ರೇನಿನ ಹಳ್ಳಿಮನೆಗೆ ‘ಖಾತಾ’ ಎಂದು ಹೆಸರು. ನಮ್ಮಲ್ಲಿ ಮನೆಯ ಖಾತಾ ಎಂದರೆ ಪಂಚಾಯಿತಿಯ ಕಾಗದ, ಅವರಲ್ಲಿ ಖಾತಾ ಎಂದರೆ ಮನೆಯೇ. ನಡುವೆ ಒಂದು ಹಾದಿಕೋಣೆ, ಒಂದು ಕಡೆ ವಾಸದ ಕೋಣೆ, ಇನ್ನೊಂದು ಕಡೆ ಉಗ್ರಾಣ, ಇದು ಅದರ ಸಾಮಾನ್ಯ ವಿನ್ಯಾಸ. ಕಾಡು ಹೆಚ್ಚಿರುವ ಉತ್ತರದ ಪೊಲಿಸ್ಸಿಯಾ ಮತ್ತು ಪಶ್ಚಿಮದ ಕಾರ್ಪೇಥಿಯನ್ ಬೆಟ್ಟಗಳಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಜೋಡಿಸಿ ಗೋಡೆ ಎಬ್ಬಿಸುತ್ತಿದ್ದರು. ಮರ ಕಡಿಮೆಯಿರುವ ಹುಲ್ಲುಗಾವಲಿನ ಸೀಮೆಯಲ್ಲಿ ಕಂಬ ನೆಟ್ಟು, ನಡುವೆ ತಡಿಕೆ ಹೆಣೆದು, ಹುಲ್ಲು ಬೆರೆಸಿದ ಜೇಡಿಮಣ್ಣು ಮೆತ್ತುತ್ತಿದ್ದರು. ಮಣ್ಣು ತುಳಿಯುವ ದಿನ ಊರೇ ಬರುತ್ತಿತ್ತು. ಕೂಲಿಯಿಲ್ಲ, ಮನೆಯವರು ಊಟ ಹಾಕಬೇಕು, ಮುಂದೆ ಇನ್ನೊಬ್ಬರ ಮನೆ ಏಳುವಾಗ ತಾವೂ ಹೋಗಬೇಕು. ಇದನ್ನು ಅವರು ‘ತೊಲೊಕಾ’ ಎನ್ನುತ್ತಾರೆ. ನಮ್ಮ ಹಿರಿಯರು ಮುಯ್ಯಾಳು ಎನ್ನುತ್ತಿದ್ದರು.

ಬಾಗಿಲು ದಾಟಿದರೆ ಪಕ್ಕದಲ್ಲೇ ‘ಪೀಚ್’ ಎಂಬ ಒಲೆ. ಒಲೆ ಎಂದರೆ ನಮ್ಮ ಮೂರು ಕಲ್ಲಿನ ಒಲೆಯಲ್ಲ. ಕೋಣೆಯ ದೊಡ್ಡದೊಂದು ಪಾಲನ್ನೇ ಹಿಡಿಯುವ ಮಣ್ಣಿನ ಕಟ್ಟೆ ಅದು. ಅದರಲ್ಲೇ ಅಡುಗೆ, ಅದರಲ್ಲೇ ರೊಟ್ಟಿ, ಚಳಿಗಾಲದಲ್ಲಿ ಮನೆಗೆಲ್ಲ ಅದೇ ಬಿಸಿ. ಮುದುಕರು ಮತ್ತು ಮಕ್ಕಳು ಅದರ ಮೇಲೆಯೇ ಮಲಗುತ್ತಿದ್ದರು. ಒಲೆಯ ಎದುರು ಕೆಟ್ಟ ಮಾತು ಆಡಬಾರದೆಂಬ ನಂಬಿಕೆ ಇತ್ತು. ಬೈಗುಳ ನಾಲಿಗೆಯ ತುದಿಗೆ ಬಂದರೂ, ‘ಹೇಳಿಬಿಡುತ್ತಿದ್ದೆ, ಆದರೆ ಮನೆಯಲ್ಲಿ ಒಲೆ ಇದೆ’ ಎಂದು ತಡೆದುಕೊಳ್ಳುವುದು ಅವರ ನಾಣ್ಣುಡಿ. ಹೆಣ್ಣು ಕೇಳಲು ಬಂದವರ ಮುಂದೆ ಹುಡುಗಿ ಒಲೆಯ ಬಳಿ ನಿಂತು ಉಗುರಿನಿಂದ ಅದರ ಮಣ್ಣು ಕೆರೆಯುತ್ತ ನಾಚುವುದು ವಾಡಿಕೆ. ಒಪ್ಪಿಗೆಯಾದರೆ ಬಂದವರಿಗೆ ಕಸೂತಿ ಹಾಕಿದ ವಸ್ತ್ರ ಕೊಡುತ್ತಿದ್ದರು, ಇಲ್ಲವಾದರೆ ಕುಂಬಳಕಾಯಿ. ಕುಂಬಳಕಾಯಿ ಹೊತ್ತುಕೊಂಡು ಊರ ಬೀದಿಯಲ್ಲಿ ಹಿಂದಿರುಗುವ ಗಂಡಿನ ಕಡೆಯವರ ಪಾಡು ನೀವೇ ಊಹಿಸಿಕೊಳ್ಳಿ.

ಒಲೆಗೆ ಓರೆಯಾಗಿ ಎದುರು ಮೂಲೆಯಲ್ಲಿ ‘ಪೊಕುತ್ತಿಯಾ’. ಅದು ದೇವರ ಮೂಲೆ. ಅಲ್ಲಿ ದೇವರ ಪಟಗಳು, ಪಟಗಳ ಮೇಲೆ ‘ರುಶ್ನಿಕ್’ ಎಂಬ ಕಸೂತಿಯ ಉದ್ದನೆಯ ವಸ್ತ್ರ, ಕೆಳಗೆ ಊಟದ ಮೇಜು. ಹುಟ್ಟಿದ ಮಗುವನ್ನು ಎತ್ತಿಕೊಳ್ಳುವುದು ರುಶ್ನಿಕ್‌ನ ಮೇಲೆ, ವಧೂವರರು ಮದುವೆಯಲ್ಲಿ ನಿಲ್ಲುವುದು ಅದರ ಮೇಲೆ, ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದೂ ಅದರಿಂದಲೇ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಈ ಮೂಲೆಯಲ್ಲಿ ‘ದಿದುಖ್’ ಎಂಬ ತೆನೆಯ ಸಿವುಡನ್ನು ಇಡುತ್ತಾರೆ. ‘ದಿದ್’ ಎಂದರೆ ಅಜ್ಜ. ತೀರಿಕೊಂಡ ಹಿರಿಯರು ಅಂದು ಆ ತೆನೆಗಳಲ್ಲಿ ಬಂದು ಕೂರುತ್ತಾರೆಂಬುದು ಹಳೆಯ ನಂಬಿಕೆ. ಹನ್ನೆರಡು ಬಗೆಯ ಅಡುಗೆಯಲ್ಲಿ ಮೊದಲನೆಯದು ‘ಕುತಿಯಾ’. ಬೇಯಿಸಿದ ಗೋಧಿಗೆ ಜೇನು ಮತ್ತು ಗಸಗಸೆ ಬೆರೆಸಿದ್ದು. ನಮ್ಮ ಗೋಧಿ ಹುಗ್ಗಿಯ ದೂರದ ನಂಟ ಎನ್ನೋಣವೇ? ಹಿರಿಯರಿಗಾಗಿ ಒಂದು ಪಾಲನ್ನು ರಾತ್ರಿಯಿಡೀ ಮೇಜಿನ ಮೇಲೆ ಬಿಡುತ್ತಾರೆ.

ತಲೆಯೆತ್ತಿದರೆ ನಡುತೊಲೆ. ಮನೆ ಕಟ್ಟಿದ ವರ್ಷವನ್ನೂ ಒಂದು ಶಿಲುಬೆಯನ್ನೂ ಅದರ ಮೇಲೆ ಕೆತ್ತುತ್ತಿದ್ದರು. ಮಗುವಿನ ತೊಟ್ಟಿಲು ತೂಗುತ್ತಿದ್ದುದೂ ಆ ತೊಲೆಗೇ. ತಲೆ ತಗ್ಗಿಸಿದರೆ ನೆಲ. ಜೇಡಿಮಣ್ಣಿಗೆ ಕುದುರೆಯ ಲದ್ದಿ ಬೆರೆಸಿ ಹೆಂಗಸರು ಕೈಯಿಂದ ಸಾರಿಸುತ್ತಿದ್ದ ನೆಲ. ಬೇಸಿಗೆಯ ಆರಂಭದ ಟ್ರಿನಿಟಿ ಹಬ್ಬದಂದು ಆ ನೆಲದ ಮೇಲೆ ಪರಿಮಳದ ಹುಲ್ಲು ಹರಡುತ್ತಾರೆ. ಅದರಲ್ಲಿ ಮುಖ್ಯವಾದದ್ದು ‘ಲೆಪೆಖಾ’ ಎಂಬ ಜೌಗುಗಿಡ. ಅದರ ಶಾಸ್ತ್ರೀಯ ಹೆಸರು ಏಕೋರಸ್ ಕ್ಯಾಲಮಸ್. ಆ ಹೆಸರು ಕಂಡೊಡನೆ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅದು ನಮ್ಮ ಬಜೆ! ಹಸುಗೂಸಿಗೆ ತೇಯ್ದು ನೆಕ್ಕಿಸುತ್ತಿದ್ದ, ಮಾತು ಚೆನ್ನಾಗಿ ಬರಲೆಂದು ಅವ್ವಂದಿರು ನಾಲಿಗೆಗೆ ಮುಟ್ಟಿಸುತ್ತಿದ್ದ ಅದೇ ಬಜೆ. ಉಕ್ರೇನಿನವರು ಅದನ್ನು ‘ತಾತಾರರ ಸೊಪ್ಪು’ ಎಂದೂ ಕರೆಯುತ್ತಾರೆ. ಪೂರ್ವದಿಂದ ಬಂದ ಗಿಡವೆಂಬ ನೆನಪು ಆ ಹೆಸರಿನಲ್ಲೇ ಉಳಿದಿದೆ.

ಇಂಥ ಮನೆಗಳು ವಸ್ತುಸಂಗ್ರಹಾಲಯ ಸೇರಿದ್ದು ಹೇಗೆ ಎಂಬುದೇ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ಅದಕ್ಕೆ ಮೊದಲು ಆ ಮನೆಗಳು ಬರಿದಾದ ಕಥೆ ಹೇಳಬೇಕು.

1929ರಿಂದ ಸೋವಿಯತ್ ಸರ್ಕಾರ ರೈತರ ಜಮೀನನ್ನು ಸಾಮೂಹಿಕ ಬೇಸಾಯಕ್ಕೆ ಸೇರಿಸಲು ಬಲವಂತದ ಕ್ರಮ ಕೈಗೊಂಡಿತು. ಸ್ವಲ್ಪ ಅನುಕೂಲವಿದ್ದ ರೈತರನ್ನು ‘ಕುಲಾಕ್’ ಎಂದು ಹೆಸರಿಸಿ ಸೈಬೀರಿಯದ ಕಡೆಗೆ ಅಟ್ಟಲಾಯಿತು. ಧಾನ್ಯದ ವಸೂಲಿ ಹೆಚ್ಚುತ್ತ ಹೋಯಿತು. 1932ರ ಆಗಸ್ಟ್ 7ರ ಕಾನೂನಿನಂತೆ ಸಾಮೂಹಿಕ ಹೊಲದಲ್ಲಿ ಉದುರಿದ ತೆನೆ ಆಯ್ದುಕೊಳ್ಳುವುದೂ ಘೋರ ಅಪರಾಧವಾಯಿತು. ವಸೂಲಿ ತಂಡಗಳು ಕಬ್ಬಿಣದ ಸರಳು ಹಿಡಿದು ಮನೆಮನೆಗೆ ನುಗ್ಗಿದವು. ಬಚ್ಚಿಟ್ಟ ಕಾಳು ಸಿಗಬಹುದೆಂದು ನೆಲವನ್ನು ಚುಚ್ಚಿದರು, ಒಲೆಯನ್ನು ಒಡೆದರು. ಕೆಟ್ಟ ಮಾತನ್ನೂ ಆಡಬಾರದ ಒಲೆ ಅದು! ಹೊಟ್ಟೆಗಿಲ್ಲದ ಹೆಂಗಸರು ಕಸೂತಿಯ ಅಂಗಿಗಳನ್ನೂ ರುಶ್ನಿಕ್‌ಗಳನ್ನೂ ಹಿಡಿ ಕಾಳಿಗೆ ಕೊಟ್ಟರು. ಮದುವೆಯ ಉಂಗುರ, ಕೊರಳ ಶಿಲುಬೆ ‘ತೋರ್ಗ್ಸಿನ್’ ಎಂಬ ಸರ್ಕಾರಿ ಅಂಗಡಿ ಸೇರಿ ಹಿಟ್ಟಾದವು. 1932-33ರ ಆ ಕ್ಷಾಮದಲ್ಲಿ ಉಕ್ರೇನಿನಲ್ಲಿ ಸತ್ತವರು 35ರಿಂದ 40 ಲಕ್ಷ ಎಂಬುದು ಇಂದು ಹೆಚ್ಚಿನ ಇತಿಹಾಸಕಾರರ ಅಂದಾಜು. ಅದನ್ನು ‘ಹೊಲೊದೊಮೊರ್’, ಅಂದರೆ ಹಸಿವಿನಿಂದ ಕೊಲ್ಲುವುದು, ಎಂದು ಕರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ದೇವರ ಮೂಲೆಗೆ ದೀಪ ಹಚ್ಚುವವರೇ ಉಳಿಯಲಿಲ್ಲ.

ಆಮೇಲೆ ಮಹಾಯುದ್ಧ ಬಂತು. ಯುದ್ಧದ ನಂತರ ಅಭಿವೃದ್ಧಿ ಬಂತು. ನೀಪರ್ ನದಿಗೆ ಸಾಲುಸಾಲಾಗಿ ಅಣೆಕಟ್ಟುಗಳು ಎದ್ದವು. 1970ರ ದಶಕದಲ್ಲಿ ಕಾನಿವ್ ಜಲಾಶಯ ತುಂಬತೊಡಗಿದಾಗ ನದಿದಂಡೆಯ ಹಳ್ಳಿಗಳು ಮುಳುಗಿದವು. ಶರಾವತಿಯ ನೀರಿಗೆ ಊರು ಬಿಟ್ಟುಕೊಟ್ಟ ಕುಟುಂಬದ ಮಕ್ಕಳು ನನ್ನ ತರಗತಿಯಲ್ಲೂ ಇದ್ದರು. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹೊತ್ತಿನಲ್ಲಿ ಪೆರೆಯಾಸ್ಲಾವ್ ಎಂಬ ಸಣ್ಣ ಪಟ್ಟಣದಲ್ಲಿ ಒಬ್ಬ ಮನುಷ್ಯ ಎದ್ದು ನಿಂತ. ಹೆಸರು ಮಿಖಾಯ್ಲೊ ಸಿಕೋರ್ಸ್ಕಿ (1923–2011). 1951ರಿಂದ ಆ ಪಟ್ಟಣದ ವಸ್ತುಸಂಗ್ರಹಾಲಯದ ಮುಖ್ಯಸ್ಥರು. ಹಳೆಯ ಮನೆ, ಗಾಳಿಗಿರಣಿ, ಉಗ್ರಾಣ, ಮರದ ಚರ್ಚುಗಳನ್ನು ಬಿಚ್ಚಿ ತಂದು ಬಯಲಿನಲ್ಲಿ ಮತ್ತೆ ನಿಲ್ಲಿಸುವ ಕೆಲಸಕ್ಕೆ ಅವರು ಕೈಹಾಕಿದರು. 1964ರಲ್ಲಿ ಅದು ಉಕ್ರೇನಿನ ಮೊದಲ ಬಯಲು ವಸ್ತುಸಂಗ್ರಹಾಲಯವಾಗಿ ತೆರೆಯಿತು. ದೇವರನ್ನು ಒಪ್ಪದ ಸರ್ಕಾರದ ಕಾಲದಲ್ಲಿ ಚರ್ಚು ಉಳಿಸುವುದು ಸುಲಭವಾಗಿರಲಿಲ್ಲ. ಮುಳುಗಡೆಯಾದ ವ್ಯೂನಿಶ್ಚೆ ಗ್ರಾಮದಿಂದ ತಂದ ಮರದ ಚರ್ಚಿನೊಳಗೆ ಬಾಹ್ಯಾಕಾಶ ಸಂಗ್ರಹಾಲಯ ಮಾಡಲಾಯಿತು! ಒಳಗೆ ಗಗನಯಾತ್ರಿಗಳ ಸಾಮಗ್ರಿ, ಹೊರಗೆ ಗುಮ್ಮಟ. ರಾಕೆಟ್ಟಿನ ನೆರಳಿನಲ್ಲಿ ದೇವಸ್ಥಾನ ಉಳಿಯಿತು. ನಾನು ಇಷ್ಟು ದಿನ ಓದಿದ್ದರಲ್ಲಿ ಮನಸ್ಸಿಗೆ ಬಹಳ ಹಿಡಿಸಿದ ಸಂಗತಿ ಇದು.

ಕೀವ್ ನಗರದಲ್ಲಿ ಇವಾನ್ ಹೊಂಚಾರ್ (1911–1993) ಎಂಬ ಶಿಲ್ಪಿ ಇದ್ದರು. ಲಿಪ್ಯಾಂಕಾ ಎಂಬ ಹಳ್ಳಿಯಿಂದ ಬಂದವರು. ಊರೂರು ಅಲೆದು ರುಶ್ನಿಕ್, ಮಡಕೆ, ದೇವರ ಪಟ, ಹಳೆಯ ಭಾವಚಿತ್ರಗಳನ್ನು ಕೂಡಿಹಾಕಿ 1959ರಲ್ಲಿ ತಮ್ಮ ಮನೆಯನ್ನೇ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದರು. ಮಡಕೆ ನೋಡಲು ಜನ ಸೇರಿದರೆ ಸರ್ಕಾರಕ್ಕೇನು ಎಂದು ಕೇಳಬಹುದು. ಆದರೆ ತಮ್ಮದೊಂದು ಬೇರೆ ನೆನಪಿದೆ ಎಂದು ಜನಕ್ಕೆ ಹೊಳೆಯುವುದನ್ನು ಆ ವ್ಯವಸ್ಥೆ ಇಷ್ಟಪಡಲಿಲ್ಲ. ಅವರ ಮೇಲೆ ನಿಗಾ, ಒತ್ತಡ ತಪ್ಪಲಿಲ್ಲ. ಅವರು ಬಾಗಿಲು ಮುಚ್ಚಲಿಲ್ಲ. ಇಂದು ಆ ಸಂಗ್ರಹ ಅವರ ಹೆಸರಿನ ರಾಷ್ಟ್ರೀಯ ಕೇಂದ್ರವಾಗಿದೆ.

ನಮ್ಮ ಹುಡುಗಿ ನೋಡಿಬಂದ ಪಿರೋಹಿವ್ ಈ ಬಗೆಯ ಸಂಗ್ರಹಾಲಯಗಳಲ್ಲೇ ದೊಡ್ಡದು. 1969ರಲ್ಲಿ ಸ್ಥಾಪನೆ, 1976ರಲ್ಲಿ ಜನರಿಗೆ ಪ್ರವೇಶ. 130 ಹೆಕ್ಟೇರಿಗೂ ಹೆಚ್ಚಿನ ದಿಬ್ಬ ತಗ್ಗುಗಳ ಮೇಲೆ ಮುನ್ನೂರರಷ್ಟು ಕಟ್ಟಡಗಳನ್ನು ದೇಶದ ಒಂದೊಂದು ಸೀಮೆಗೆ ಒಂದೊಂದು ಕೇರಿಯಂತೆ ನಿಲ್ಲಿಸಿದ್ದಾರೆ. ದಿಬ್ಬದ ಮೇಲೆ ಗಾಳಿಗಿರಣಿಗಳ ಸಾಲು. ವೊಲಿನ್ ಪ್ರಾಂತ್ಯದ ಸಮಾರಿ ಗ್ರಾಮದಿಂದ ತಂದ ಒಂದು ಮನೆ 1587ನೇ ಇಸವಿಯದು. ನಮ್ಮ ತಾಳಿಕೋಟೆ ಯುದ್ಧ ನಡೆದು 22 ವರ್ಷವಾಗಿದ್ದ ಕಾಲ. ಅಂದಿನ ಅರಮನೆಗಳ ಬುನಾದಿಯನ್ನು ನಾವು ಹಂಪಿಯಲ್ಲಿ ನೋಡುತ್ತೇವೆ. ಅಲ್ಲಿ ಹಳ್ಳಿಗರ ಒಂದು ಮನೆ ಹಾಗೆಯೇ ನಿಂತಿದೆ.

ಮನೆಯನ್ನು ಸಾಗಿಸುವುದು ಹೇಗೆ ಎಂದು ನೀವು ಕೇಳಬಹುದು. ಮರದ ಮನೆಯಾದರೆ ಒಂದೊಂದು ದಿಮ್ಮಿಗೂ ಅಂಕಿ ಹಾಕಿ ಬಿಚ್ಚುತ್ತಾರೆ, ತಂದು ಅದೇ ಕ್ರಮದಲ್ಲಿ ಜೋಡಿಸುತ್ತಾರೆ. ಮಣ್ಣಿನ ಮನೆಯನ್ನು ಹಾಗೆ ಒಯ್ಯಲಾಗದು. ತೊಲೆ, ಬಾಗಿಲು, ಕಿಟಕಿ, ಪೆಟಾರಿ ಬರುತ್ತವೆ, ಗೋಡೆ ಬರುವುದಿಲ್ಲ. ಗೋಡೆಯನ್ನು ಹೊಸ ಮಣ್ಣಿನಿಂದ ಮತ್ತೆ ಮೆತ್ತಬೇಕು. ಮೆತ್ತಿದ ಮೇಲೂ ಮುಗಿಯಲಿಲ್ಲ. ಮಳೆ, ಹಿಮಕ್ಕೆ ಮಣ್ಣು ಸಡಿಲವಾಗುತ್ತದೆ, ಸೂರಿನ ಹುಲ್ಲು ಕೊಳೆಯುತ್ತದೆ. ಹಿಂದೆ ಈಸ್ಟರ್ ಹಬ್ಬಕ್ಕೆ ಮೊದಲು ಮನೆಯ ಹೆಂಗಸರು ಗೋಡೆಗೆ ಬಿಳಿಯ ಮಣ್ಣೋ ಸುಣ್ಣವೋ ಬಳಿಯುತ್ತಿದ್ದರು. ಮನೆಯವರಿಲ್ಲದ ಈಗಿನ ಮನೆಗಳಿಗೆ ಸಂಗ್ರಹಾಲಯದ ಸಿಬ್ಬಂದಿಯೇ ಅದನ್ನು ಮಾಡಬೇಕು. ಕಲ್ಲಿನ ಶಾಸನ ತಾನೇ ನಿಂತಿರುತ್ತದೆ. ಮಣ್ಣಿನ ಮನೆ ಹಾಗಲ್ಲ, ವರ್ಷವರ್ಷವೂ ಯಾರಾದರೂ ಅದಕ್ಕಾಗಿ ಕೈ ಕೆಸರು ಮಾಡಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಮರೆಯಬಾರದು. 1976ರಲ್ಲಿ ತೆರೆದ ಆ ಅಂದವಾದ ಮನೆಗಳಲ್ಲಿ ಒಡೆದ ಒಲೆಯ ಕಥೆಯನ್ನು ಹೇಳುವಂತಿರಲಿಲ್ಲ. ಹಾಡು, ಕುಣಿತ, ಕಸೂತಿಗೆ ಅನುಮತಿ ಇತ್ತು, 1933ಕ್ಕೆ ಇರಲಿಲ್ಲ. 1980ರ ದಶಕದ ಕೊನೆಯವರೆಗೆ ಆ ಕ್ಷಾಮದ ಹೆಸರೆತ್ತುವುದೇ ಕಷ್ಟವಾಗಿತ್ತು. ಆ ಮನೆಗಳು ಮಾತ್ರ ನಿಂತಿದ್ದವು. ಅಜ್ಜಿಯ ಕೈ ಹಿಡಿದು ಬಂದ ಮೊಮ್ಮಗು, ‘ಇಂಥ ಮನೆಯಲ್ಲಿ ನೀನಿದ್ದೆಯಾ? ಆ ಮನೆ ಎಲ್ಲಿ ಹೋಯಿತು?’ ಎಂದು ಕೇಳಿರದೆ ಇರುತ್ತದೆಯೇ? ಪುಸ್ತಕದಲ್ಲಿ ಬರೆಯದ ಪಾಠವನ್ನು ಅಜ್ಜಿ ಪಿಸುಮಾತಿನಲ್ಲಿ ಹೇಳಿರಬೇಕು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ.

2022ರ ಫೆಬ್ರವರಿ 24ರಂದು ರಷ್ಯಾದ ಸೈನ್ಯ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ಆರಂಭಿಸಿತು. ಮರುದಿನವೇ ಕೀವ್ ನಗರದ ಉತ್ತರಕ್ಕಿರುವ ಇವಾನ್ಕಿವ್ ಪಟ್ಟಣದ ಸಣ್ಣ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿತ್ತು. ಅಲ್ಲಿ ಪಕ್ಕದ ಬೊಲೊತ್ನ್ಯಾ ಹಳ್ಳಿಯ ಮಾರಿಯಾ ಪ್ರಿಮಾಚೆಂಕೊ (1909–1997) ಬರೆದ ಚಿತ್ರಗಳಿದ್ದವು. ಶಾಸ್ತ್ರೋಕ್ತ ಕಲಾಶಾಲೆಯ ದಾರಿ ಹಿಡಿಯದೆ, ಹಳ್ಳಿಯ ಕಲ್ಪನೆಯ ವಿಚಿತ್ರ ಮೃಗಗಳನ್ನೂ ಹೂಗಳನ್ನೂ ಬರೆದ ಹೆಂಗಸು ಆಕೆ. ಸ್ಥಳೀಯರು ಉರಿಯುತ್ತಿದ್ದ ಕಟ್ಟಡಕ್ಕೆ ನುಗ್ಗಿ ಆಕೆಯ ಹತ್ತಕ್ಕೂ ಹೆಚ್ಚು ಚಿತ್ರಗಳನ್ನು ಹೊರತಂದರು. ನಾಲ್ಕು ದಿನ ಕಳೆದು, ಮಾರ್ಚ್ 1ರಂದು, ಖಾರ್ಕಿವ್ ನಗರದಲ್ಲಿ ಆಹಾರ ತರಲು ಹೋಗಿದ್ದ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಆ ದಿನ ನನ್ನ ಶಿಷ್ಯನ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಇನ್ನೊಂದು ಮನೆಯ ವಿಷಯ ಹೇಳಿ ಮುಗಿಸುತ್ತೇನೆ. ದಕ್ಷಿಣದ ಒಲೆಶ್ಕಿ ಪಟ್ಟಣದಲ್ಲಿ ಪೊಲಿನಾ ರೈಕೊ (1928–2004) ಎಂಬ ಮುದುಕಿ ಇದ್ದಳು. ಮಗಳು ಅಪಘಾತದಲ್ಲಿ ಹೋದಳು, ಗಂಡನೂ ಹೋದ, ಮಗ ಸೆರೆಮನೆಯ ಪಾಲಾದ. ಎಂದೂ ಕುಂಚ ಹಿಡಿಯದ ಆಕೆ 69ರ ವಯಸ್ಸಿನಲ್ಲಿ, ಪಿಂಚಣಿ ಹಣದಲ್ಲಿ ಅಗ್ಗದ ಬಣ್ಣ ತಂದು ತನ್ನ ಮನೆಯ ಗೋಡೆ, ಮಾಳಿಗೆ, ಬಾಗಿಲುಗಳ ಮೇಲೆ ಹಕ್ಕಿ, ಹೂ, ದೇವದೂತರು, ಸತ್ತುಹೋದ ತನ್ನವರು ಎಲ್ಲರನ್ನೂ ಬರೆದಳು. ಆಕೆ ತೀರಿಕೊಂಡ ಮೇಲೆ ಆ ಮನೆಯನ್ನು ನೋಡಲು ಜನ ದೂರದಿಂದ ಬರುತ್ತಿದ್ದರು. 2023ರ ಜೂನ್ 6ರಂದು, ಆ ಪ್ರದೇಶ ರಷ್ಯಾದ ವಶದಲ್ಲಿದ್ದಾಗ, ಕಖೋವ್ಕಾ ಅಣೆಕಟ್ಟು ಒಡೆದು ಪಟ್ಟಣಕ್ಕೆ ನೀರು ನುಗ್ಗಿತು. ಆ ಮನೆಯೂ ಮುಳುಗಿ, ಚಿತ್ರಗಳಿಗೆ ಭಾರಿ ಹಾನಿಯಾಯಿತು. ಉಳಿದಿರುವುದು ಮೊದಲೇ ಯಾರೋ ಆಸಕ್ತರು ತೆಗೆದಿಟ್ಟಿದ್ದ ಛಾಯಾಚಿತ್ರಗಳು. ‘ನನ್ನ ಮನೆ ಊರಂಚಿನದು’ ಎಂದು ಉಕ್ರೇನಿನಲ್ಲಿ ಒಂದು ಗಾದೆಯಿದೆ. ನನಗೇಕೆ ಊರ ಉಸಾಬರಿ ಎಂದು ಅದರ ಅರ್ಥ. ಈಗ ಅಲ್ಲಿಯ ಜನ ಅದಕ್ಕೆ ಬೇರೆ ಮಾತು ಜೋಡಿಸುತ್ತಾರೆ: ಊರಂಚಿನ ಮನೆಗೇ ಶತ್ರು ಮೊದಲು ಎದುರಾಗುವುದು.

ಈಗ ನನ್ನದೊಂದು ತಪ್ಪೊಪ್ಪಿಗೆ. ನಮ್ಮ ಊರಿನ ಮನೆಯನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಮಣ್ಣಿನ ಗೋಡೆ, ಮಾಳಿಗೆ, ಒಳಗೆ ಹಗೇವು. 1998ರಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಬೇಕೆಂದು ಗಟ್ಟಿಯಾಗಿ ಹೇಳಿದವನು ನಾನೇ, ಇತಿಹಾಸದ ಮೇಷ್ಟ್ರು! ಹೆಬ್ಬಾಗಿಲಿನ ಚೌಕಟ್ಟು, ಬೀಸುವ ಕಲ್ಲು, ಅಜ್ಜಿಯ ಕೌದಿ, ಒಂದೂ ಉಳಿಸಲಿಲ್ಲ. ಕೆಡವುವ ದಿನ ಬೆಳಗ್ಗೆ ಆಳುಗಳು ಹಾರೆ ಗುದ್ದಲಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅವ್ವ ಒಳಗೆ ಸಗಣಿಯಿಂದ ನೆಲ ಸಾರಿಸುತ್ತಿದ್ದಳು. “ಇನ್ನರ್ಧ ಗಂಟೆಗೆ ಬೀಳೋ ಮನೆ ಅದು, ಯಾಕವ್ವ ಸುಮ್ಮನೆ?” ಎಂದು ಸಿಡುಕಿದೆ. ಅವಳು ತಲೆಯೆತ್ತದೆ, “ಇನ್ನೂ ಬಿದ್ದಿಲ್ಲಲ್ಲಪ್ಪ” ಎಂದಳು. ಒಲೆಯ ತನಕ ಸಾರಿಸಿ, ಕೈ ತೊಳೆದುಕೊಂಡು ಹೊರಗೆ ಬಂದಳು.

ಬಿ.ಎಡ್. ಓದುವಾಗ ‘ತಿಳಿದದ್ದರಿಂದ ತಿಳಿಯದ್ದರ ಕಡೆಗೆ’ ಎಂಬ ಬೋಧನಾ ಸೂತ್ರವನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಅದನ್ನು ನಾನು ಪಾಠಟಿಪ್ಪಣಿಯಲ್ಲಿ ಅಂದವಾಗಿ ಬರೆದೆ, ಆಚರಿಸಲಿಲ್ಲ. ನಿಮ್ಮ ಮನೆಯ ತೊಲೆಯ ಮೇಲೆ ಏನು ಕೆತ್ತಿದೆ, ನಿಮ್ಮ ಅಜ್ಜಿ ಹಬ್ಬದ ದಿನ ಹಿರಿಯರಿಗೆ ಏನು ಎಡೆ ಇಡುತ್ತಾರೆ ಎಂದು ನಿಮ್ಮಲ್ಲಿ ಒಬ್ಬರನ್ನೂ ಕೇಳಲಿಲ್ಲ. ಆ ತಪ್ಪನ್ನು ಈಗ ಸ್ವಲ್ಪವಾದರೂ ತಿದ್ದಿಕೊಳ್ಳಬೇಕೆಂದಿದ್ದೇನೆ.

ಆದ್ದರಿಂದ ಬಹಳ ವರ್ಷಗಳ ಮೇಲೆ ನಿಮಗೊಂದು ಮನೆಪಾಠ. ನೀವು ಹುಟ್ಟಿ ಬೆಳೆದ ಮನೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಲೆ ಎಲ್ಲಿತ್ತು, ದೇವರು ಎಲ್ಲಿದ್ದರು, ತೊಟ್ಟಿಲು ಯಾವ ತೊಲೆಗೆ ತೂಗುತ್ತಿತ್ತು, ಗುರುತು ಹಾಕಿ. ಹಿರಿಯರು ಇನ್ನೂ ಇದ್ದರೆ ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆಯಿರಿ. ನನಗೆ ಕಳಿಸಿ. ಅಂಕ ಕೊಡುವುದಿಲ್ಲ, ಜೋಪಾನವಾಗಿ ಇಡುತ್ತೇನೆ. ಮೊದಲ ಹಾಳೆ ನನ್ನದೇ, ನಿನ್ನೆ ಬರೆದು ಮುಗಿಸಿದೆ. ಹಗೇವು ಎಡಕ್ಕಿತ್ತೋ ಬಲಕ್ಕಿತ್ತೋ ಎಂಬಲ್ಲಿ ಅರ್ಧ ದಿನ ತಡವರಿಸಿದೆ. ಕೇಳೋಣವೆಂದರೆ ಅವ್ವ ಇಲ್ಲ.